ಅನುಕರಣೆಯೂ ಅಪಹರಣವೂ

ನೆರೆಯವನ ಪೈರನ್ನು ಇರುಳಿನಲ್ಲಿ ಕೊಯ್ದೊಯ್ಯುವವನನ್ನು ಲೋಕವು ಕಳ್ಳನೆನ್ನುತ್ತದೆ. ಬದುವಿನ ಮೇಲೆ ನಿಂತು ಆತನ ಬೇಸಾಯವನ್ನು ನೋಡಿ ಕಲಿತು, ತನ್ನ ಹೊಲದಲ್ಲಿ ಅದೇ ಪೈರನ್ನು ಬೆಳೆಯುವವನನ್ನು ಹಾಗೆನ್ನುವುದಿಲ್ಲ. ಈ ಭೇದವು ಹೊಲದಲ್ಲಿ ಸ್ಪಷ್ಟವಾದಷ್ಟು ಯಂತ್ರಗಳ ವಿಷಯದಲ್ಲಿ ಸ್ಪಷ್ಟವಾಗಿಲ್ಲ.

ವಿಡಿಯೋ ಆಟಗಳನ್ನು ಆಡಿಸುವ ಕನ್ಸೋಲ್ ಯಂತ್ರದ ಕೆಲಸವನ್ನು ಸಾಧಾರಣ ಕಂಪ್ಯೂಟರಿನಿಂದಲೇ ಮಾಡಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. 1999ರಲ್ಲಿ ಅಮೆರಿಕದ ಕನೆಕ್ಟಿಕ್ಸ್ ಕಂಪೆನಿಯು ಸೋನಿಯವರ ಪ್ಲೇಸ್ಟೇಷನ್ ಆಟಗಳು ಮೆಕಿಂಟಾಷ್ ಕಂಪ್ಯೂಟರಿನಲ್ಲಿ ನಡೆಯುವಂತೆ ಇಂತಹದೊಂದನ್ನು ರಚಿಸಿ ಮಾರಿತು. ಸೋನಿಯವರು ನ್ಯಾಯಸ್ಥಾನವನ್ನು ಸೇರಿದರು. ಯಂತ್ರದ ಒಳಗುಟ್ಟನ್ನು ತಿಳಿಯುವ ಸಲುವಾಗಿ ಕನೆಕ್ಟಿಕ್ಸಿನವರು ಅದರ ಮೂಲ ತಂತ್ರಾಂಶವನ್ನು ಪದೇ ಪದೇ ನಕಲು ಮಾಡಿಕೊಂಡದ್ದು ನಿಜ. ಆದರೆ ಮಾರಿದ ವಸ್ತುವಿನಲ್ಲಿ ಸೋನಿಯವರ ಬರೆಹವಾವುದೂ ಇರಲಿಲ್ಲ. ಕೆಳಗಿನ ನ್ಯಾಯಾಲಯವು ಮಾರಾಟವನ್ನು ತಡೆಯಿತು. 2000ದ ಫೆಬ್ರವರಿಯಲ್ಲಿ ಮೇಲ್ಮನವಿಯ ನ್ಯಾಯಾಲಯವು ಆ ತಡೆಯನ್ನು ತೆಗೆದುಹಾಕಿತು. ಕೃತಿಸ್ವಾಮ್ಯವು ಬರೆಹವನ್ನು ಕಾಯುತ್ತದೆ. ಬರೆಹವು ನಡೆಸುವ ಕಾರ್ಯವು ಅದರ ಕಾವಲಿಗೆ ಸೇರಿದುದಲ್ಲ. ಆ ಕಾರ್ಯವನ್ನರಿಯಲು ಅಗತ್ಯವಾದ ನಕಲು ನ್ಯಾಯವಾದ ಬಳಕೆಯೆಂಬುದು ತೀರ್ಪಿನ ಸಾರ.

ಇದರಿಂದ ಎಲ್ಲ ನಕಲೂ ನಿರ್ದೋಷವಾಗದು. ಆಟವೂ ಒಂದು ಕೃತಿ. ಅದರ ಚಿತ್ರ, ಸಂಗೀತ, ಕಥೆಗಳು ಅನೇಕರ ದುಡಿಮೆಯ ಫಲ. ಮಾರಾಟದಲ್ಲಿರುವ ಆಟವನ್ನು ಬೆಲೆ ತೆರದೆ ಇಳಿಸಿಕೊಳ್ಳುವವನು ಎಮ್ಯುಲೇಟರಿನ ನಿರಪರಾಧವನ್ನು ತನ್ನದೆಂದು ಹೇಳಿಕೊಳ್ಳಲಾರನು. ಆಟಗಳ ಬೀಗವನ್ನು ಮುರಿಯಲು ನೆರವಾಯಿತೆಂದು ನಿಂಟೆಂಡೊ ಕಂಪೆನಿಯು ಹೂಡಿದ ದಾವೆಯಲ್ಲಿ, 2024ರಲ್ಲಿ, ಯೂಜು ಎಂಬ ಎಮ್ಯುಲೇಟರಿನವರು 24 ಲಕ್ಷ ಡಾಲರು ತೆರಲೊಪ್ಪಿ ತಮ್ಮ ಕೆಲಸವನ್ನೇ ನಿಲ್ಲಿಸಿದರು.

ಹಾಗಾದರೆ ಒಡೆಯನ ಧರ್ಮವೇನು? 2010ಕ್ಕೆ ಮುಂಚೆ ಅಮೆರಿಕದಲ್ಲಿ ಹೊರಟ ಆಟಗಳಲ್ಲಿ ನೂರಕ್ಕೆ 87ರಷ್ಟು ಈಗ ಅಂಗಡಿಯಲ್ಲಿ ದೊರೆಯುವುದಿಲ್ಲವೆಂದು 2023ರಲ್ಲಿ ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆಯು ಕಂಡುಕೊಂಡಿತು. ಬೆಲೆ ಕೊಟ್ಟು ಕೊಂಡ ಡಿಸ್ಕು ಕೈಯಲ್ಲಿದ್ದರೂ, ಯಂತ್ರವು ಕೆಟ್ಟ ದಿನ ಅದು ಮೂಕವಾಗುತ್ತದೆ. ಕೃತಿಗಳು ಲೋಕಕ್ಕೆ ದೊರೆಯಲೆಂದೇ ಸಮಾಜವು ಕರ್ತೃವಿಗೆ ಕೆಲವು ಕಾಲದ ಸ್ವಾಮ್ಯವನ್ನು ಕೊಟ್ಟಿದೆ. ತಾನೂ ಮಾರದೆ, ಕಾಪಾಡಬಲ್ಲವರಿಗೂ ಬಿಡದೆ ಕಣಜಕ್ಕೆ ಬೀಗವಿಕ್ಕಿದವನ ಹಕ್ಕು ಕಾನೂನಿನಲ್ಲಿ ಉಳಿಯಬಹುದು. ಆ ಹಕ್ಕನ್ನು ಕೊಟ್ಟ ಉದ್ದೇಶವು ಮಾತ್ರ ಉಳಿಯುವುದಿಲ್ಲ.

2001ರಲ್ಲಿ ಸೋನಿಯವರು ಕನೆಕ್ಟಿಕ್ಸಿನ ಆ ತಂತ್ರಾಂಶವನ್ನು ತಾವೇ ಕೊಂಡರು. ಅದರ ಮಾರಾಟವು ನಿಂತುಹೋಯಿತು. ನ್ಯಾಯಾಲಯವು ನಿರ್ದೋಷವೆಂದು ಬಿಟ್ಟುದನ್ನು ಹಣವು ಮೌನಗೊಳಿಸಿತು.