ಕಷ್ಟ ಹೇಳದಿರುವ ಹಕ್ಕು

ಬಡ ಮಕ್ಕಳ ಓದಿಗೆ ನೆರವಾಗುವವರಿಗೆ ಆ ಮಕ್ಕಳ ಮನೆಯ ಕಷ್ಟ ಎಷ್ಟು ಗೊತ್ತಿರಬೇಕು? ಅದನ್ನು ಅವರು ಯಾರ ಬಾಯಿಂದ ಕೇಳಬೇಕು? ಮೇಲ್ನೋಟಕ್ಕೆ ಇದು ಪ್ರಶ್ನೆಯೇ ಅಲ್ಲ. ವಿಷಯ ತಿಳಿಯದೆ ಕೊಡುವುದು ಹೇಗೆ ಎಂದು ಯಾರಾದರೂ ಕೇಳಿಯಾರು. ಆದರೆ ಹೈದರಾಬಾದಿನ ನಾಚಾರಂನಲ್ಲಿ ಕೆಲವು ವರ್ಷಗಳಿಂದ ಭಾನುವಾರದ ಮಧ್ಯಾಹ್ನಗಳನ್ನು ಹದಿನೈದಿಪ್ಪತ್ತು ಮಕ್ಕಳ ಜೊತೆ ಕಳೆಯುತ್ತಿರುವ ನನಗೆ ಇದು ಸುಲಭದ ಸಂಗತಿ ಅನ್ನಿಸುತ್ತಿಲ್ಲ. ನೆರವು ಬೇಕಾದರೆ ನಿನ್ನ ಕಷ್ಟದ ಕಥೆ ಹೇಳು ಅಂದಾಗ, ನಾವು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಏನನ್ನೋ ಕಿತ್ತುಕೊಳ್ಳುತ್ತೇವೆ. ಅದೇನು ಎಂದು ಇಲ್ಲಿ ಯೋಚಿಸಿ ನೋಡುತ್ತೇನೆ.

ನಾಚಾರಂ ಇರುವುದು ನಗರದ ಪೂರ್ವಕ್ಕೆ, ತಾರ್ನಾಕಾ, ಹಬ್ಸಿಗುಡಾಗಳ ಆಚೆ. ಒಂದು ಮಗ್ಗುಲಿಗೆ ಕೈಗಾರಿಕಾ ಪ್ರದೇಶ, ಇನ್ನೊಂದು ಮಗ್ಗುಲಿಗೆ ಅಪಾರ್ಟ್‌ಮೆಂಟುಗಳು. ನಮ್ಮಲ್ಲಿಗೆ ಬರುವ ಮಕ್ಕಳು ಈ ಎರಡಕ್ಕೂ ದುಡಿಯುವ ಮನೆಗಳವರು. ಕೆಲವರ ಅಪ್ಪಂದಿರು ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸದವರು. ಕೆಲವರದು ವಾಚ್‌ಮನ್ ಕುಟುಂಬ, ಸೆಲ್ಲಾರಿನಲ್ಲಿ ಲಿಫ್ಟಿನ ಪಕ್ಕದ ಒಂದೇ ಕೋಣೆಯಲ್ಲಿ ಸಂಸಾರ. ಬಿಹಾರ, ಒಡಿಶಾದವರಿದ್ದಾರೆ, ಯಾದಗಿರಿ, ಕಲಬುರಗಿ, ನಾರಾಯಣಪೇಟೆ ಕಡೆಯವರೂ ಇದ್ದಾರೆ. 1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಾಗಾಗಿ ಆ ಕಡೆಯವರಿಗೆ ಇಲ್ಲಿಗೆ ದುಡಿಯಲು ಬರುವುದು ಪರದೇಶಕ್ಕೆ ಹೋದಂತಲ್ಲ. ಅವರ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಹಿಂದಿ ಆಡುತ್ತಾರೆ. ಬರೆಯುವಾಗ ಮೂರನ್ನೂ ಕಲಸುತ್ತಾರೆ. ನಾವು ನಾಲ್ಕೈದು ಜನ ಮಾಡುವ ಕೆಲಸ ದೊಡ್ಡದೇನಲ್ಲ. ಹಾಳೆ, ಬಣ್ಣ, ಕಥೆ ಪುಸ್ತಕಗಳನ್ನು ಮಕ್ಕಳ ಮುಂದಿಡುತ್ತೇವೆ. ಫೀಸು, ಬಸ್ ಪಾಸು, ನೋಟ್‌ಬುಕ್ಕುಗಳಿಗೆ ಗೆಳೆಯರಿಂದ ಹಣ ಕೂಡಿಸುತ್ತೇವೆ.

ಒಮ್ಮೆ ಒಂದು ಕಂಪನಿಯವರು ದೊಡ್ಡ ಮೊತ್ತ ಕೊಡಲು ಮುಂದೆ ಬಂದರು. ಅವರ ವಾರ್ಷಿಕ ಪುಸ್ತಿಕೆಗೆ ಮಕ್ಕಳ ಬರಹಗಳು ಬೇಕಿದ್ದವು. ವಿಷಯವನ್ನೂ ಅವರೇ ಸೂಚಿಸಿದ್ದರು: 'ನನ್ನ ಮನೆ, ನನ್ನ ಕಷ್ಟ, ನನ್ನ ಕನಸು.' ಆರನೆಯ ತರಗತಿಯ ಒಬ್ಬ ಹುಡುಗಿ ಲಿಫ್ಟಿನ ಬಗ್ಗೆ ಬರೆದಳು. ದಿನವಿಡೀ ಹತ್ತಿ ಇಳಿದು ಸಾಕಾದ ಲಿಫ್ಟು ಒಂದು ರಾತ್ರಿ ಐದನೆಯ ಮಹಡಿಯನ್ನೂ ದಾಟಿ ಮೇಲಕ್ಕೆ ಹೋಗಿಬಿಡುತ್ತದೆ. ಆಕಾಶದಲ್ಲಿ ಅದರ ಗುಂಡಿ ಒತ್ತುವವರು ಯಾರೂ ಇಲ್ಲ. ಬೆಳಿಗ್ಗೆ ಹಾಲಿನವನು ಬಂದು ನೋಡಿದರೆ ಲಿಫ್ಟಿನ ಜಾಗದಲ್ಲಿ ಉದ್ದಕ್ಕೆ ನಿಂತ ಒಂದು ಬಾವಿ! ಕಂಪನಿಯಿಂದ ಬಂದವರು ಓದಿ ನಕ್ಕರು, ಮೆಚ್ಚಿದರು. ಆಮೇಲೆ, "ಚೆನ್ನಾಗಿದೆ, ಆದರೆ ಇದರಲ್ಲಿ ಅವಳ ಪರಿಸ್ಥಿತಿ ಬರಲಿಲ್ಲವಲ್ಲ" ಅಂದರು.

ಅವರು ಕೆಟ್ಟವರೇನಲ್ಲ. ತಮ್ಮ ಮೇಲಿನವರಿಗೆ ತೋರಿಸಲು ಅವರಿಗೆ ಏನಾದರೂ ಬೇಕಿತ್ತು. ಆದರೆ ಆ ಮಾತಿನಲ್ಲಿ ಒಂದು ಕರಾರು ಅಡಗಿತ್ತು. ನಿನ್ನ ಕಲ್ಪನೆಗೆ ಚಪ್ಪಾಳೆ ಸಿಗುತ್ತದೆ, ಫೀಸು ಬೇಕಿದ್ದರೆ ನಿಮ್ಮವ್ವನ ಕಣ್ಣೀರು ತಾ. ನಾವು ಆ ಹುಡುಗಿಗೆ ಇನ್ನೊಮ್ಮೆ ಬರೆಯಲು ಹೇಳಲಿಲ್ಲ, ಹಣದ ಮಾತು ಅಲ್ಲಿಗೇ ನಿಂತಿತು. ಆ ವರ್ಷ ಇಬ್ಬರು ಮಕ್ಕಳ ಫೀಸಿಗೆ ಜೂನಿನಿಂದ ದಸರೆಯವರೆಗೂ ಪರದಾಡಿದೆವು. ಇಷ್ಟನ್ನೂ ಹೇಳುತ್ತಿರುವುದು ಯಾಕೆಂದರೆ, ಮರ್ಯಾದೆಯ ಮಾತು ಪುಕ್ಕಟೆಯದಲ್ಲ. ಅದಕ್ಕೂ ಬೆಲೆ ತೆರಬೇಕು, ಆ ಬೆಲೆಯ ಒಂದು ಪಾಲು ಮಕ್ಕಳ ತಲೆಯ ಮೇಲೇ ಬೀಳುತ್ತದೆ. ಹಾಗಿರುವಾಗ ನಮ್ಮ ಹಟ ಸರಿಯೇ?

ಬಡ ವಿದ್ಯಾರ್ಥಿಯನ್ನು ಓದಿಸುವುದು ನಮ್ಮ ನಾಡಿಗೆ ಹೊಸದಲ್ಲ. ವಾರಾನ್ನದ ಪದ್ಧತಿಯನ್ನು ನೆನಪಿಸಿಕೊಳ್ಳಿ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ. ಹಾಗೆ ಉಂಡು ಓದಿ ದೊಡ್ಡವರಾದವರ ಸಂಖ್ಯೆ ಸಣ್ಣದಲ್ಲ. ಆದರೆ ಅದು ಬಹುಮಟ್ಟಿಗೆ ಜಾತಿಯ ಅಂಗಳದೊಳಗಿನ ಔದಾರ್ಯ. ಅಲ್ಲಿ ಉಣ್ಣುವ ಹುಡುಗ ಪಾಠದ ಜೊತೆಗೆ ಇನ್ನೊಂದು ವಿದ್ಯೆಯನ್ನೂ ಕಲಿಯಬೇಕಿತ್ತು: ಬಡಿಸುವವರ ಮುಖ ಓದುವ ವಿದ್ಯೆ. ಇಂದು ಅನ್ನ ಕೇಳಬಹುದೇ, ಮಜ್ಜಿಗೆಗೆ ಕಾಯಬಹುದೇ, ಊರಿನಲ್ಲಿರುವ ತಾಯಿಯ ಕಾಯಿಲೆಯ ವಿಷಯ ಇವತ್ತೇ ಹೇಳಬೇಕೇ ಅಥವಾ ಮುಂದಿನ ವಾರಕ್ಕೆ ಇಟ್ಟುಕೊಳ್ಳಬೇಕೇ. ದಾನ ಪಡೆಯುವವನಿಗೆ ಇಂಥ ಜಾಣತನ ತಾನಾಗಿಯೇ ಬರುತ್ತದೆ.

ಇದಕ್ಕೆ ಎದುರಾಗಿ ನಮ್ಮಲ್ಲಿ ದಾಸೋಹ ಎಂಬ ಮಾತಿದೆ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ, ದಾಸೋಹದಲ್ಲಿ ಕೊಡುವವನೇ ದಾಸ. ಸಿದ್ಧಗಂಗೆಯಲ್ಲಿ ಎಲ್ಲ ಜಾತಿ ಧರ್ಮಗಳ ಸಾವಿರಾರು ಮಕ್ಕಳು ಉಂಡು ಓದಿದ್ದು ಈ ಮಾತಿನ ಬಲದ ಮೇಲೆ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆದೇಶಿಸಿದ ಮೇಲೆ, 2002ರಲ್ಲಿ ಕರ್ನಾಟಕ ಸರಕಾರ ಮೊದಲು ಈಶಾನ್ಯ ಜಿಲ್ಲೆಗಳಲ್ಲಿ ಬಿಸಿಯೂಟ ಶುರುಮಾಡಿ ಅದಕ್ಕೆ 'ಅಕ್ಷರ ದಾಸೋಹ' ಎಂದೇ ಹೆಸರಿಟ್ಟಿತು. ಆ ಊಟದಲ್ಲಿ ನೂರು ಕೊರತೆಗಳಿರಬಹುದು. ಆದರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಗುವನ್ನು, ಸಾರು ಬಡಿಸುವ ಅಕ್ಕ "ನಿಮ್ಮಪ್ಪ ಕುಡಿಯುತ್ತಾನಾ?" ಎಂದು ಕೇಳುವುದಿಲ್ಲ. ಹಸಿವೇ ಸಾಕು, ಅದಕ್ಕೊಂದು ಪೀಠಿಕೆ ಬೇಕಿಲ್ಲ. ಈ ಮೌನಕ್ಕೆ ಅನ್ನದಷ್ಟೇ ಬೆಲೆಯಿದೆ ಎಂದು ನಾನು ತಿಳಿದಿದ್ದೇನೆ.

ಸರಕಾರ ಎಲ್ಲ ಮಕ್ಕಳಿಗೂ ಕೊಡಬಹುದು, ನಿಮ್ಮಂಥವರ ಕೈಯಲ್ಲಿ ಹತ್ತು ಮಕ್ಕಳಿಗೆ ಸಾಲುವಷ್ಟೇ ಹಣವಿದ್ದು ಇಪ್ಪತ್ತು ಮಕ್ಕಳಿದ್ದರೆ ಯಾರಿಗೆಂದು ಕೊಡುತ್ತೀರಿ, ಕಷ್ಟ ತೂಗಿ ನೋಡದೆ ವಿಧಿಯಿಲ್ಲವಲ್ಲ ಎನ್ನಬಹುದು. ನ್ಯಾಯವಾದ ಮಾತು. ಕೇಳಲೇಬೇಕು. ಆದರೆ ಏನನ್ನು ಕೇಳುತ್ತೇವೆ, ಯಾರನ್ನು ಕೇಳುತ್ತೇವೆ ಎಂಬುದರಲ್ಲಿ ವ್ಯತ್ಯಾಸವಿದೆ. ಮನೆಯಲ್ಲಿ ದುಡಿಯುವವರು ಎಷ್ಟು ಜನ, ತಿಂಗಳಿಗೆ ಎಷ್ಟು ಬರುತ್ತದೆ, ಬಾಡಿಗೆ ಎಷ್ಟು: ಇವು ದೊಡ್ಡವರನ್ನು ಕೇಳುವ ಪ್ರಶ್ನೆಗಳು, ಒಮ್ಮೆ ಕೇಳಿದರೆ ಮುಗಿಯುತ್ತವೆ. ನನಗೀಗ ವಿಚಿತ್ರವೆನಿಸುವ ಒಂದು ಸಂಗತಿಯೆಂದರೆ, ನಾವೆಲ್ಲ ಬೈಯುವ ಆದಾಯ ಪ್ರಮಾಣಪತ್ರ ಈ ಮಟ್ಟಿಗೆ ಮನುಷ್ಯತ್ವದ್ದು. ಅದನ್ನು ಪಡೆಯಲು ಅಲೆದಾಟವಿದೆ, ಅವಮಾನವೂ ಇದೆ. ಆದರೆ ಆ ಕಾಗದ ಒಂದು ಅಂಕಿಯನ್ನಷ್ಟೇ ಕೇಳಿ ಸುಮ್ಮನಾಗುತ್ತದೆ, ಕಣ್ಣೀರು ಕೇಳುವುದಿಲ್ಲ. ಮನಕಲಕುವ ವಿಡಿಯೋಗೆ ಮಾತ್ರ ಎಷ್ಟು ಹೇಳಿದರೂ ಸಾಲದು, ಪ್ರತಿ ವರ್ಷ ಹೊಸ ಗಾಯ ಬೇಕು.

ಹಾಗಾದರೆ ಮಗು ತಾನಾಗಿಯೇ ಕಷ್ಟ ಬರೆದರೆ? ಅದೂ ಆಗುತ್ತದೆ. ಒಬ್ಬ ಹುಡುಗ ಕಾಗೆಯ ಕಥೆ ಬರೆದ. ಅವನ ಕಾಗೆಯ ಬಲ ರೆಕ್ಕೆ ಒಂದು ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅದು ಮರಿಗಳಿಗೆ ಎಡ ರೆಕ್ಕೆಯಿಂದ ಹಾರುವುದನ್ನು ಕಲಿಸುತ್ತದೆ. ಓದಿದ ಯಾರಿಗಾದರೂ ಇದು ಬರೀ ಕಾಗೆಯ ವಿಷಯವಲ್ಲವೆಂದು ತಿಳಿಯುತ್ತಿತ್ತು. ಆ ಮಧ್ಯಾಹ್ನ ನಾವು ಕಾಗೆಯ ಬಗ್ಗೆಯೇ ಮಾತಾಡಿದೆವು. ಎಡ ರೆಕ್ಕೆಯ ಹಾರಾಟ ಸುತ್ತು ಹೊಡೆಯುತ್ತದೆಯೇ, ಮರಿಗಳು ನಗುತ್ತವೆಯೇ ಎಂದು ಮಕ್ಕಳೆಲ್ಲ ವಾದ ಮಾಡಿದರು. ಎರಡು ದಿನ ಬಿಟ್ಟು ನಮ್ಮಲ್ಲೊಬ್ಬರು ಅವರ ಮನೆಗೆ ಹೋಗಿ ತಾಯಿಯ ಜೊತೆ ಮಾತಾಡಿದರು.

ಅಪ್ಪನ ಕೈಗೆ ಕೆಲಸದಲ್ಲಿ ಪೆಟ್ಟಾಗಿತ್ತು. ತಿಂಗಳಿಗೆ 21,000 ರೂಪಾಯಿಯೊಳಗೆ ಕೂಲಿ ಇರುವ, ಕಾನೂನಿನ ವ್ಯಾಪ್ತಿಗೆ ಬರುವ ಕಾರ್ಖಾನೆಯ ಕೆಲಸಗಾರನಿಗೆ, ಗುತ್ತಿಗೆಯವನಾದರೂ, ಇಎಸ್‌ಐ ವಿಮೆ ಸಲ್ಲಬೇಕು. ಕೆಲಸದಲ್ಲಿ ಪೆಟ್ಟಾಗಿ ದುಡಿಯಲಾಗದಿದ್ದರೆ ಕೂಲಿಯ ನೂರಕ್ಕೆ 90ರಷ್ಟು ಬರಬೇಕು. ಇಎಸ್‌ಐ ಆಸ್ಪತ್ರೆ ನಾಚಾರಂನಲ್ಲೇ ಇದೆ. ಆದರೆ ಅವರ ಗುತ್ತಿಗೆದಾರ ಕೂಲಿಯಲ್ಲಿ ವಿಮೆಯ ದುಡ್ಡು ಹಿಡಿಯುತ್ತಿದ್ದನೇ ಹೊರತು ವಿಮೆಯ ನಂಬರು ಕೊಟ್ಟಿರಲಿಲ್ಲ. ಅದನ್ನು ಹುಡುಕಿ ತೆಗೆಯಲು ಮೂರು ವಾರ ಓಡಾಡಬೇಕಾಯಿತು. ಕಾಗೆಯ ಕಥೆಗೆ ಬೇಕಿದ್ದದ್ದು ಒಳ್ಳೆಯ ಓದುಗರು, ಅಪ್ಪನ ಕೈಗೆ ಬೇಕಿದ್ದದ್ದು ಒಂದು ನಂಬರು. ಎರಡನ್ನೂ ನಾವು ಕೂಡಿಸಲಿಲ್ಲ. ನೀನು ಕಥೆ ಬರೆದದ್ದಕ್ಕೆ ಇದಾಯಿತು ಎಂದು ಹುಡುಗನಿಗೆ ಹೇಳಲಿಲ್ಲ. ಹೇಳಿದ್ದರೆ ಮುಂದಿನ ವಾರ ಎಲ್ಲರ ಕಾಗೆಗಳಿಗೂ ರೆಕ್ಕೆ ಮುರಿಯುತ್ತಿತ್ತು.

ಕಷ್ಟದ ಬರಹವನ್ನು ಬರೀ ಸಾಹಿತ್ಯವೆಂದು ಓದಿ ಮೆಚ್ಚಿಬಿಡುವುದರಲ್ಲೂ ಒಂದು ಕ್ರೌರ್ಯವಿದೆ ಎಂಬುದನ್ನು ಈ ನಗರ ಬಲ್ಲದು. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ 2016ರ ಜನವರಿ 17ರಂದು ತೀರಿಕೊಂಡರು. ಹೊಲಿಗೆ ಮಾಡಿ ಮಕ್ಕಳನ್ನು ಓದಿಸಿದ ತಾಯಿಯ ಮಗ. ಕಾರ್ಲ್ ಸೇಗನ್‌ರಂತೆ ವಿಜ್ಞಾನದ ಲೇಖಕನಾಗುವ ಆಸೆಯಿತ್ತು ಎಂದು ಅವರು ಬಿಟ್ಟುಹೋದ ಪತ್ರದಲ್ಲಿದೆ. ಅದೇ ಪತ್ರದ ಕೊನೆಯಲ್ಲಿ ಒಂದು ಲೆಕ್ಕವೂ ಇದೆ: ಏಳು ತಿಂಗಳ ಫೆಲೋಶಿಪ್, 1,75,000 ರೂಪಾಯಿ ಬಾಕಿ, ಅದು ಮನೆಯವರಿಗೆ ತಲುಪಲಿ ಎಂಬ ಕೋರಿಕೆ. ನಕ್ಷತ್ರಗಳ ಮಾತೂ ಬಾಕಿಯ ಲೆಕ್ಕವೂ ಒಂದೇ ಪತ್ರದಲ್ಲಿವೆ. ನಾವು ಹೆಚ್ಚಿನವರು ಮೊದಲನೆಯದನ್ನು ಮತ್ತೆ ಮತ್ತೆ ಓದಿದೆವು, ಹಂಚಿಕೊಂಡೆವು. ಎರಡನೆಯದು ಸಾಹಿತ್ಯವಲ್ಲ, ಸಕಾಲಕ್ಕೆ ಸಲ್ಲಬೇಕಾದ ಹಣ. ವಿದ್ಯಾರ್ಥಿಯ ಬರವಣಿಗೆಯನ್ನು ಗೌರವಿಸುವುದೆಂದರೆ ಅವನ ಫೆಲೋಶಿಪ್ಪು ತಿಂಗಳು ತಿಂಗಳು ಬರುವಂತೆ ನೋಡಿಕೊಳ್ಳುವುದೂ ಹೌದು.

ಹೀಗೆಂದ ಮಾತ್ರಕ್ಕೆ ಬಡವರ ಮಕ್ಕಳು ಬಡತನದ ಬಗ್ಗೆ ಬರೆಯಬಾರದು ಎಂದಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ' ನಮ್ಮ ಮುಂದಿದೆ. ಹಾಸ್ಟೆಲಿನ ಅನ್ನ ಉಂಡು ಬೆಳೆದ ಹುಡುಗನ ಆತ್ಮಕಥೆ ಅದು. ಆ ಪುಸ್ತಕ ಓದಿದವರಿಗೆ ಮೊದಲು ನೆನಪಾಗುವುದು ಅದರ ನಗು. ಅವರು ಯಾವ ದಾನಿಯ ಅರ್ಜಿಯನ್ನೂ ತುಂಬುತ್ತಿರಲಿಲ್ಲ, ಆದ್ದರಿಂದ ನಗಲು ಅವರಿಗೆ ಬಿಡುವಿತ್ತು. ನೆರವು ಬೇಡುವ ಬರಹದಲ್ಲಿ ನಗುವಿಗೆ ಜಾಗವಿರುವುದಿಲ್ಲ. ನಕ್ಕರೆ, ಇವನಿಗೇನು ಅಂಥ ಕಷ್ಟ ಅಂದುಬಿಡುತ್ತಾರೆ.

ಇನ್ನೊಂದು ಉದಾಹರಣೆ ಇಟಲಿಯದು. ಫ್ಲಾರೆನ್ಸಿನ ಆಚೆ ಬೆಟ್ಟದ ಮೇಲಿನ ಬಾರ್ಬಿಯಾನಾ ಎಂಬಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ ಬಡ ರೈತರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ಅಲ್ಲಿನ ಎಂಟು ಹುಡುಗರು ಕೂಡಿ ಬರೆದ, ಶಿಕ್ಷಕಿಯೊಬ್ಬರಿಗೆ ಪತ್ರದ ರೂಪದ ಪುಸ್ತಕ 1967ರಲ್ಲಿ ಪ್ರಕಟವಾಯಿತು. ಒಂದೊಂದು ಯೋಚನೆಯನ್ನು ಒಂದೊಂದು ಚೀಟಿಯಲ್ಲಿ ಬರೆದು, ಚೀಟಿಗಳನ್ನು ಜೋಡಿಸಿ, ಬೇಡದ್ದನ್ನು ಕತ್ತರಿಸಿ ಕಟ್ಟಿದ ಪುಸ್ತಕ. ಅದರಲ್ಲಿ ಆ ಹುಡುಗರು ನಮಗೆ ಕಷ್ಟ, ಕರುಣೆ ತೋರಿಸಿ ಅನ್ನಲಿಲ್ಲ. ಶಾಲೆ ಯಾರ ಮಕ್ಕಳನ್ನು ಫೇಲು ಮಾಡುತ್ತದೆ ಎಂದು ಅಂಕಿ ಅಂಶ ಹಾಕಿ ತೋರಿಸಿದರು. ಉತ್ತರ ಕೊಡುವ ಸರದಿ ಶಾಲೆಯದಾಯಿತು.

ನಮ್ಮ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ, ನಾಚಾರಂ ಕೂಡ 2016ರವರೆಗೆ ಅದೇ ಜಿಲ್ಲೆಯಲ್ಲಿತ್ತು, ಎಂ.ವಿ. ಫೌಂಡೇಶನ್ ದುಡಿಯುವ ಮಕ್ಕಳನ್ನು ಶಾಲೆಗೆ ತಂದಾಗ ಇಂಥದೇ ಒಂದು ತಿರುವು ಕಂಡಿತ್ತು. 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಶಾಂತಾ ಸಿನ್ಹಾ ಮತ್ತು ಅವರ ಜೊತೆಗಾರರು, ಮನೆಯ ಬಡತನವೇ ಕಾರಣ ಎಂಬ ಉತ್ತರವನ್ನು ಒಪ್ಪಲಿಲ್ಲ. ಶಾಲೆಗೆ ಬಾರದ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂದು ಹೇಳಿ, ಪ್ರಶ್ನೆಯನ್ನು ಗುಡಿಸಲಿನಿಂದ ಎತ್ತಿ ಶಾಲೆಯ, ಊರಿನ, ಸರಕಾರದ ಮುಂದಿಟ್ಟರು.

ಕಷ್ಟದ ಕಥೆ ಹೇಳಿಸುವಾಗ ನಾವು ಮಗುವಿನಿಂದ ಕಿತ್ತುಕೊಳ್ಳುವುದು ಇದನ್ನೇ: ಯಾವುದರ ಬಗ್ಗೆ ಮಾತಾಡಬೇಕು, ಯಾವಾಗ, ಯಾರ ಎದುರು ಎಂದು ತಾನೇ ತೀರ್ಮಾನಿಸುವ ಹಕ್ಕನ್ನು. ಉಳ್ಳವರ ಮಕ್ಕಳಿಗೆ ಅದು ಹುಟ್ಟಿನಿಂದಲೇ ಇದೆ. ಅವರ ಮನೆಯಲ್ಲೂ ಜಗಳವಿದೆ, ಕುಡಿತವಿದೆ, ಸಾಲವಿದೆ; ಫೀಸು ಕಟ್ಟುವ ಮುನ್ನ ಯಾರೂ ಅವರಿಂದ ಅದರ ಮೇಲೆ ಪ್ರಬಂಧ ಬರೆಸುವುದಿಲ್ಲ. ಬಡ ಮಗುವಿಗೂ ಮೋಡದ ಬಗ್ಗೆ, ದೆವ್ವದ ಬಗ್ಗೆ, ಶುದ್ಧ ಸುಳ್ಳಿನ ಬಗ್ಗೆ ಬರೆಯುವ ಸ್ವಾತಂತ್ರ್ಯ ಬೇಕು.

ಆದ್ದರಿಂದ ನಾಚಾರಂನ ನಮ್ಮ ಕೋಣೆಯಲ್ಲಿ ಈಗ ಕೆಲವು ಕಟ್ಟುಪಾಡುಗಳಿವೆ. ಮಕ್ಕಳ ನೋಟ್‌ಬುಕ್ಕು ಮಕ್ಕಳದು, ಅವರು ತೋರಿಸಿದರೆ ಓದುತ್ತೇವೆ. ಹಣ ಕೊಡುವವರಿಗೆ ಖರ್ಚಿನ ಲೆಕ್ಕ ಪೈಸೆ ಪೈಸೆಗೂ ಕಳಿಸುತ್ತೇವೆ, ಬರಹ ಕಳಿಸುವುದಿಲ್ಲ. ಮನೆಯ ತೊಂದರೆ ಕಿವಿಗೆ ಬಿದ್ದರೆ ದೊಡ್ಡವರ ಹತ್ತಿರ ಮಾತಾಡುತ್ತೇವೆ. ಇದರಿಂದ ಹಣ ಕಡಿಮೆ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕಡಿಮೆ ಬಿದ್ದದ್ದನ್ನು ಇನ್ನಷ್ಟು ಮನೆಗಳ ಬಾಗಿಲು ತಟ್ಟಿ ತುಂಬಿಸುವುದು ದೊಡ್ಡವರಾದ ನಮ್ಮ ಕೆಲಸ, ಮಗುವಿನದಲ್ಲ. ಜೋಳಿಗೆ ನಮ್ಮ ಹೆಗಲ ಮೇಲಿರಬೇಕು. ಆ ಮಕ್ಕಳಲ್ಲಿ ಯಾರಾದರೂ ತಮ್ಮ ಮನೆಯ ಕಥೆಯನ್ನು ನಲವತ್ತನೆಯ ವಯಸ್ಸಿನಲ್ಲಿ ಬರೆದಾರು, ಬರೆಯದೆಯೂ ಇದ್ದಾರು. ಫೀಸು ಈ ಜೂನಿನಲ್ಲೇ ಕಟ್ಟಬೇಕು. ಕಥೆಗೆ ಅವಸರವಿಲ್ಲ.