ಯಾರ ಪರವಾಗಿ, ಯಾರಿಗೆ ಲೆಕ್ಕ

ಪೊಂಗಲ್ ಬಂತೆಂದರೆ ನಮ್ಮ ಕಡೆ ಕಬಡ್ಡಿ ಪಂದ್ಯ, ಅದಕ್ಕೊಂದು ಕಮಿಟಿ, ಮನೆಮನೆಗೆ ಚಂದಾ. ಪಂದ್ಯ ಮುಗಿದ ಮೇಲೆ ಲೆಕ್ಕ ಕೇಳಿದವನ ಮೇಲೆ ಕಮಿಟಿಯವರಿಗೆ ಸಿಟ್ಟು ಬರುತ್ತೆ, ನಿಜ. ಆದರೂ ಕೇಳಬಹುದು. ಕೇಳಿದವನು ಯಾರ ಮಗ, ಯಾವ ಬೀದಿ ಅಂತ ಊರಿಗೆ ಮೊದಲೇ ಗೊತ್ತು. ಕೇಳಿದ್ದರಿಂದ ಅವನ ಮನೆ ಒಡೆಯುವುದಿಲ್ಲ. ಎದ್ದು ನಿಂತು ಲೆಕ್ಕ ಕೇಳಿದರೆ ತನ್ನ ಗುಟ್ಟೇ ಬಯಲಾಗುತ್ತೆ ಅನ್ನುವಂಥವರು ಸೇರಿ ಕಟ್ಟಿಕೊಂಡ ಸಂಘದಲ್ಲಿ ಏನಾಗುತ್ತೆ? ಈ ಪ್ರಶ್ನೆಯನ್ನು ನಾವು ಯೋಚಿಸಿ ನೋಡಬೇಕು.

ಸಲಿಂಗಿಗಳ ಕ್ರೀಡಾ ಸಂಘಗಳು ಅಂಥವು. ಟಾಮ್ ವಾಡೆಲ್ ಎಂಬ ವೈದ್ಯರು 1968ರ ಮೆಕ್ಸಿಕೋ ಒಲಿಂಪಿಕ್ಸ್‌ನ ಡೆಕಾಥ್ಲಾನ್‌ನಲ್ಲಿ ಆರನೆಯವರಾಗಿ ಬಂದವರು. 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಲಿಂಗಿ ಗಂಡಸರಿಗೂ ಹೆಂಗಸರಿಗೂ ಒಂದು ಕ್ರೀಡಾಕೂಟ ಮಾಡಿದರು. ಅದಕ್ಕೆ 'ಒಲಿಂಪಿಕ್ಸ್' ಅನ್ನುವ ಹೆಸರಿಡಬಾರದೆಂದು ಅಮೆರಿಕದ ಒಲಿಂಪಿಕ್ ಸಮಿತಿ ಕೋರ್ಟಿಗೆ ಹೋಯಿತು. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲೂ ಗೆದ್ದಿತು. ಕೂಟ ಮಾತ್ರ 'ಗೇ ಗೇಮ್ಸ್' ಎಂಬ ಹೆಸರಲ್ಲಿ ಉಳಿಯಿತು.

ಹೊರಗಿನವರು ಮಾಡಿದ ಅನ್ಯಾಯದ ಕಥೆ ಎಲ್ಲರೂ ಹೇಳ್ತಾರೆ. ಒಳಗಿನದನ್ನೂ ಹೇಳಬೇಕು. 2006ರ ಕೂಟ ಮಾಂಟ್ರಿಯಲ್‌ಗೆ ಸಿಕ್ಕಿತ್ತು. ಕೂಟ ಎಷ್ಟು ದೊಡ್ಡದಿರಬೇಕು, ಹಣದ ಮೇಲೆ ಹಿಡಿತ ಯಾರದು ಅನ್ನುವಲ್ಲಿ ಒಕ್ಕೂಟಕ್ಕೂ ಅಲ್ಲಿಯವರಿಗೂ ಜಗಳವಾಯಿತು. ಒಕ್ಕೂಟ ಕೂಟವನ್ನು ಶಿಕಾಗೋಕ್ಕೆ ಒಯ್ದಿತು. ಮಾಂಟ್ರಿಯಲ್‌ನವರು 'ಔಟ್‌ಗೇಮ್ಸ್' ಅಂತ ಬೇರೆಯೇ ಕೂಟ ಮಾಡಿ, ಕೊನೆಗೆ ಲಕ್ಷಾಂತರ ಡಾಲರ್ ನಷ್ಟಕ್ಕೆ ಬಿದ್ದರು. 2017ರ ಮೇ 26ರಂದು ಮಯಾಮಿಯಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ದುಡ್ಡು ಕಟ್ಟಿ, ಬೇರೆ ಬೇರೆ ದೇಶಗಳಿಂದ ವಿಮಾನ ಹತ್ತಿ ಬಂದ ಆಟಗಾರರಿಗೆ ಉದ್ಘಾಟನೆಯ ದಿನವೇ ಬಹುಪಾಲು ಆಟ ರದ್ದು ಎಂದು ತಿಳಿಸಿದರು.

"ನೊಂದವರ ಸಂಘ, ಅವರ ಮೇಲೂ ಯಾಕೆ ಗದರುವುದು" ಅಂತ ಕರುಣೆಯಿಂದ ಹೇಳುವವರಿದ್ದಾರೆ. ನನಗೆ ಈ ಕರುಣೆ ಒಪ್ಪಿಗೆಯಿಲ್ಲ. ಬೇರೆಲ್ಲೂ ಜಾಗವಿಲ್ಲದವನು ಒಂದೇ ಬಾಗಿಲು ತಟ್ಟಿರುತ್ತಾನೆ. ಅಲ್ಲೇ ಮೋಸವಾದರೆ ಅವನು ಹೋಗುವುದೆಲ್ಲಿಗೆ? ಅಂಥ ಸಂಘದ ಲೆಕ್ಕ ಊರಿನ ಕಮಿಟಿಯ ಲೆಕ್ಕಕ್ಕಿಂತ ಚೊಕ್ಕವಾಗಿರಬೇಕು.

ನಮ್ಮ ದೇಶದ್ದೇ ಎರಡು ಸಂಗತಿ ನೋಡಿ. ಪುದುಕ್ಕೋಟ್ಟೈ ಜಿಲ್ಲೆಯ ಕತ್ತಕುರಿಚ್ಚಿಯ ಶಾಂತಿ ಸೌಂದರಾಜನ್, ಇಟ್ಟಿಗೆ ಗೂಡಿನ ಕೂಲಿಕಾರರ ಮಗಳು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಓಡಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯಲ್ಲಿ ಸೋತರೆಂದು ಪದಕ ಕಿತ್ತುಕೊಂಡರು. ಆಕೆಯ ದೇಹದ ವಿಚಾರ ಟಿ.ವಿ.ಯಲ್ಲಿ, ಪೇಪರಿನಲ್ಲಿ ಬಂತು. ಇವರು ಸಲಿಂಗಿ ಎಂದು ಯಾರೂ ತಿಳಿಯಬಾರದು, ಇದು ಬೇರೆ ವಿಷಯ. ನಾನು ಕೇಳುವುದು ಇಷ್ಟೇ: ದೇಶದ ಹೆಸರಲ್ಲಿ ಆಕೆಯನ್ನು ಓಡಿಸಿದವರು ಆಕೆಯ ಪರವಾಗಿ ಮೇಲ್ಮನವಿ ಯಾಕೆ ಹಾಕಲಿಲ್ಲ? ಕೆಲವು ವರ್ಷಗಳ ಮೇಲೆ ಅವರೇ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುವಂತಾಯಿತು. ತಮಿಳುನಾಡು ಸರ್ಕಾರದ ಖಾಯಂ ಕೋಚ್ ಕೆಲಸ ಸಿಕ್ಕಿದ್ದು 2016ರಲ್ಲಿ.

ಒಡಿಶಾದ ದ್ಯುತಿ ಚಂದ್‌ರನ್ನು 2014ರಲ್ಲಿ ಇಂಥದೇ ನಿಯಮದಡಿ ತಂಡದಿಂದ ಬಿಟ್ಟರು. ಈ ಸಲ ಭಾರತೀಯ ಕ್ರೀಡಾ ಪ್ರಾಧಿಕಾರವೇ ಬೆನ್ನಿಗೆ ನಿಂತಿತು. 2015ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಆ ನಿಯಮವನ್ನು ತಡೆಹಿಡಿಯಿತು. 2019ರಲ್ಲಿ ಅದೇ ದ್ಯುತಿ, ತಾನು ಒಬ್ಬ ಹುಡುಗಿಯನ್ನು ಪ್ರೀತಿಸುತ್ತೇನೆ ಎಂದು ಎಲ್ಲರೆದುರು ಹೇಳಿದರು. ಸ್ವಂತ ಮನೆಯವರೇ ಮುನಿದರು.

ದ್ಯುತಿ ಹೇಳಬಲ್ಲವರಾಗಿದ್ದರು: ಹೆಸರಿತ್ತು, ಕೆಲಸವಿತ್ತು. ಹಾಗೆ ಮುಖ ತೋರಿಸಬಲ್ಲವರೇ ಸಂಘಗಳಲ್ಲೂ ಅಧ್ಯಕ್ಷರು, ಕಾರ್ಯದರ್ಶಿಗಳು ಆಗುತ್ತಾರೆ. ಮಿಕ್ಕವರು, ಅಂದರೆ ಹಳ್ಳಿಯವರು, ಬಡವರು, ಅದರಲ್ಲೂ ಹೆಂಗಸರು, ಸಭೆಗೇ ಬರಲಾರರು. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನಿಂದ 377ನೇ ಕಲಮಿನ ಭಯ ಹೋಯಿತು. ಅಪ್ಪನ ಭಯ, ಮೇಷ್ಟ್ರ ಭಯ ಹೋಗಲಿಲ್ಲ. ಬಾರದವರ ಪರವಾಗಿಯೂ ನಾನೇ ಮಾತಾಡ್ತೀನಿ ಅನ್ನುವವನನ್ನು "ನಿನಗೆ ಯಾರು ಹೇಳಿದ್ದು?" ಅಂತ ಕೇಳುವವರೇ ಅಲ್ಲಿರುವುದಿಲ್ಲ. ಅವನು ಕೆಟ್ಟವನೇ ಆಗಬೇಕಿಲ್ಲ, ಕೇಳುವವರಿಲ್ಲದಿದ್ದರೆ ಒಳ್ಳೆಯವನೂ ಸಡಿಲವಾಗುತ್ತಾನೆ.

ಆದ್ದರಿಂದ ಇಲ್ಲಿ ಲೆಕ್ಕ ಕೇಳಿದ ಮೇಲೆ ಕೊಡುವುದಲ್ಲ, ಕೇಳುವ ಮೊದಲೇ ಕೊಡುವುದು. ವರ್ಷಕ್ಕೊಮ್ಮೆ ಜಮಾ ಖರ್ಚು ಅಚ್ಚಾಗಿ ಸದಸ್ಯರೆಲ್ಲರ ಕೈಗೆ ಹೋಗಬೇಕು, ಮತ ಗುಟ್ಟಾಗಿ ಬೀಳಬೇಕು. ಒಳಗಿನ ತಪ್ಪು ಹೊರಗೆ ಬಂದರೆ ಆಡಿಕೊಳ್ಳುವವರಿಗೆ ಹಬ್ಬ ಅನ್ನುವ ಭಯ ನ್ಯಾಯವಾದದ್ದೇ. ಆದರೆ ಮಯಾಮಿಯಲ್ಲಿ ಎಲ್ಲರೂ ಆಡಿಕೊಂಡದ್ದು ಲೆಕ್ಕ ತೋರಿಸಿದ್ದಕ್ಕಲ್ಲವಲ್ಲ.

ಒಂದು ತೊಡಕು ಉಳಿಯುತ್ತೆ. ಮತ ಹಾಕಲು ಸದಸ್ಯರ ಪಟ್ಟಿ ಬೇಕು, ಆ ಪಟ್ಟಿ ಬಯಲಾದರೆ ಒಬ್ಬೊಬ್ಬರ ಬಾಳೂ ಬಯಲಾದಂತೆ. ಪದಾಧಿಕಾರಿಗಳ ಕೈಯಲ್ಲಿಟ್ಟರೆ, ಅವರನ್ನು ಎದುರಿಸಿ ಮತ ಹಾಕಬೇಕಾದವರ ಗುಟ್ಟು ಅವರ ಹತ್ತಿರವೇ ಇದ್ದಂತಾಯಿತು. ಸಂಘದಲ್ಲಿ ಯಾವ ಸ್ಥಾನವೂ ಇಲ್ಲದ, ಸದಸ್ಯರೇ ಆರಿಸಿದ ಒಬ್ಬ ವಕೀಲರ ಹತ್ತಿರ ಅದು ಇರಲಿ ಅಂತ ನನಗೆ ತೋರುತ್ತೆ.