ದತ್ತು ಯಾರಿಗಾಗಿ?

ಹೆತ್ತು ಸಾಕುವವರನ್ನು ಸಂಬಳ ಎಷ್ಟು, ಬಿಪಿ-ಶುಗರ್ ಇದೆಯಾ, ಗಂಡ-ಹೆಂಡಿರ ನಡುವೆ ಹೊಂದಾಣಿಕೆ ಹೇಗೆ ಎಂದು ಯಾವ ಸರ್ಕಾರವೂ ಕೇಳುವುದಿಲ್ಲ. ದತ್ತು ಪಡೆಯಲು ಹೊರಟವರನ್ನು ಮಾತ್ರ ಇದೆಲ್ಲ ಕೇಳಲಾಗುತ್ತದೆ. ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ‘ಕಾರಾ’ದ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಪ್ಯಾನ್, ಆದಾಯ, ಮದುವೆ, ವೈದ್ಯಕೀಯ ತಪಾಸಣೆಯ ಕಾಗದಗಳನ್ನು ಏರಿಸಬೇಕು. ಮದುವೆಯಾಗಿ ಕನಿಷ್ಠ ಎರಡು ವರ್ಷ ಕಳೆದಿರಬೇಕು. ಎರಡು ವರ್ಷದೊಳಗಿನ ಮಗು ಬೇಕೆಂದರೆ ದಂಪತಿಯ ವಯಸ್ಸು ಕೂಡಿಸಿ 85 ಮೀರಬಾರದು. ಆಮೇಲೆ ಒಂದು ದಿನ ಸಮಾಜ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾರೆ.

‘ಮನೆ ಅಧ್ಯಯನ’ ಎನ್ನುವ ಆ ಭೇಟಿಯ ಭಯ ದೊಡ್ಡದು. ಗೋಡೆಗೆ ಸುಣ್ಣ ಬಳಿಸಿದವರಿದ್ದಾರೆ, ನೆಂಟರಿಂದ ಸೋಫಾ ತಂದು ಹಾಕಿದವರಿದ್ದಾರೆ. ಬಂದವರ ಕಣ್ಣು ಸೋಫಾದ ಮೇಲಿರುವುದಿಲ್ಲ. ಇಬ್ಬರೂ ಕೆಲಸಕ್ಕೆ ಹೋದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ದತ್ತು ಎಂಬ ಸಂಗತಿಯನ್ನು ಮಗುವಿಗೆ ಯಾವಾಗ ಹೇಳುತ್ತೀರಿ ಎಂದು ಅವರು ಕೇಳುತ್ತಾರೆ. ಅಡುಗೆಮನೆಯಿಂದ ಇಣುಕುವ ಅಜ್ಜಿಯನ್ನೂ ಕೂರಿಸಿ ಮಾತಾಡಿಸುತ್ತಾರೆ. “ನಮ್ಮ ಜಾತಿಯದೇ ಕೂಸು ಸಿಗುತ್ತೇನಮ್ಮಾ?” ಎಂದು ಅಜ್ಜಿ ಕೇಳಿಬಿಟ್ಟರೆ ಸೊಸೆಯ ಮುಖ ಬಿಳಿಚಿಕೊಳ್ಳುತ್ತದೆ. ಕಾಗದಪತ್ರದಲ್ಲಿ ಸಿಗದ ಮಾಹಿತಿ ಸಿಗುವುದೇ ಅಲ್ಲಿ.

ಇದು ಅವಮಾನ ಎನ್ನುವವರ ಸಿಟ್ಟಿಗೆ ಅರ್ಥವಿಲ್ಲ ಎನ್ನಲಾಗದು. ಮಕ್ಕಳಿಲ್ಲವೆಂದು ಊರವರ ಮಾತು ಕೇಳಿ ಕೇಳಿ ಸೋತವರಿಗೆ ಸರ್ಕಾರವೂ ಪರೀಕ್ಷೆ ಒಡ್ಡಬೇಕೇ? ಆದರೆ ಹೆರಿಗೆಗೂ ದತ್ತುವಿಗೂ ಒಂದು ವ್ಯತ್ಯಾಸವಿದೆ. ಹೆರಿಗೆಯಲ್ಲಿ ಕೊಡುವವರೆಂದು ಯಾರೂ ಇಲ್ಲ. ದತ್ತುವಿನಲ್ಲಿ, ಆಗಲೇ ಬದುಕಿರುವ, ಒಲ್ಲೆ ಎನ್ನಲು ಬಾರದ ಒಂದು ಜೀವವನ್ನು ಯಾರೋ ಇನ್ಯಾರದೋ ಕೈಗೆ ಒಪ್ಪಿಸುತ್ತಾರೆ. ಒಪ್ಪಿಸುವವರು ವಿಚಾರಿಸದೆ ಕೊಟ್ಟರೆ ಅದು ಔದಾರ್ಯವಲ್ಲ, ಹೊಣೆಗೇಡಿತನ.

ಹೀಗೆ ಯೋಚಿಸುವುದು ನಮಗೆ ಹೊಸದು. ನಮ್ಮ ಇತಿಹಾಸದ ದತ್ತು ನಡೆದದ್ದು ಮನೆತನದ ಸಲುವಾಗಿ. 1824ರಲ್ಲಿ ಕಿತ್ತೂರಿನ ಶಿವಲಿಂಗಪ್ಪನ ದತ್ತುವನ್ನು ಕಂಪನಿ ಸರ್ಕಾರ ಒಪ್ಪದೆ ಯುದ್ಧವೇ ಆಯಿತು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ಪಡೆದಿದ್ದರಿಂದ ಮೈಸೂರಿಗೆ ವಾರಸುದಾರ ಸಿಕ್ಕಿದ. ಆ ಹುಡುಗರಿಗೆ ಏನು ಬೇಕಿತ್ತು ಎಂಬುದು ಯಾವ ದರ್ಬಾರಿನಲ್ಲೂ ಪ್ರಶ್ನೆಯಾಗಿರಲಿಲ್ಲ. 1956ರ ಹಿಂದೂ ದತ್ತಕ ಕಾಯ್ದೆಯಲ್ಲೂ ಅದೇ ನೆರಳು: ಮಗನಿದ್ದವರು ಇನ್ನೊಬ್ಬ ಮಗನನ್ನು ದತ್ತು ಪಡೆಯುವಂತಿಲ್ಲ. ಮುಸ್ಲಿಮರು, ಕ್ರೈಸ್ತರು ಈ ಕಾಯ್ದೆಯ ಹೊರಗೇ ಉಳಿದರು. ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರಾದರೂ ದತ್ತು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2014ರಲ್ಲಿ, ಶಬನಂ ಹಶ್ಮಿ ಪ್ರಕರಣದಲ್ಲಿ.

ಅನಾಥಾಲಯಗಳು ತುಂಬಿ ತುಳುಕುತ್ತಿರುವಾಗ ವರ್ಷಗಟ್ಟಲೆ ಕಾಯಿಸುವುದೇಕೆ ಎಂಬುದು ಮುಂದಿನ ದೂರು. ಅಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬಂಧುಗಳೋ ಇದ್ದಾರೆ, ಬಡತನ ಅವರನ್ನು ಅಲ್ಲಿಗೆ ತಂದಿದೆ. ಮಕ್ಕಳ ಕಲ್ಯಾಣ ಸಮಿತಿ ‘ದತ್ತುವಿಗೆ ಮುಕ್ತ’ ಎಂದು ಘೋಷಿಸುವವರೆಗೆ ಯಾವ ಮಗುವನ್ನೂ ಕೊಡುವಂತಿಲ್ಲ. ಸಹಿ ಹಾಕಿ ಮಗುವನ್ನು ಒಪ್ಪಿಸಿದ ತಾಯಿಗೂ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಕಾಯುತ್ತಿರುವ ದಂಪತಿಗೆ ಅದು ವಿಳಂಬ, ಆಕೆಗೆ ಕೊನೆಯ ಬಾಗಿಲು. ಆಸ್ಪತ್ರೆಯ ಆಯಾಳನ್ನು ಹಿಡಿದು, ಛಾಪಾ ಕಾಗದದ ಮೇಲೆ ಬರೆಸಿಕೊಂಡು ಕೂಸನ್ನು ಮನೆಗೆ ತರುವ ‘ಸುಲಭದ ದಾರಿ’ಯಲ್ಲಿ ಮೊದಲು ಮುಚ್ಚುವುದು ಈ ಬಾಗಿಲೇ. ಮಗುವಿನ ಮಾರಾಟಕ್ಕೆ ಐದು ವರ್ಷದವರೆಗೆ ಜೈಲಾಗಬಹುದು, ಕೊಂಡವರಿಗೂ ಸೇರಿ.

ವ್ಯವಸ್ಥೆ ತಪ್ಪುವ ಕಡೆಗಳೂ ಇವೆ. ಒಂಟಿ ಗಂಡಸಿಗೆ ಹೆಣ್ಣುಮಗು ಸಿಗುವುದಿಲ್ಲ. ಮದುವೆಯಾಗದೆ ಜೊತೆಗಿರುವವರು ಒಟ್ಟಾಗಿ ದತ್ತು ಪಡೆಯಲಾಗದೆಂಬ ನಿಯಮವನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಮೂರಕ್ಕೆ ಎರಡರ ಬಹುಮತದಲ್ಲಿ ಉಳಿಸಿತು. ಮನೆಗೇ ಬಂದು ವ್ಯಕ್ತಿಯನ್ನು ಅಳೆಯಬಲ್ಲ ಸರ್ಕಾರ ಇಲ್ಲಿ ಅಳೆಯುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತದೆ. ಮಗುವಿನ ಹಿತವೇ ಅಳತೆಗೋಲಾದರೆ ಇದನ್ನು ಸಮರ್ಥಿಸುವುದು ಕಷ್ಟ.

ಆದರೂ ಸರದಿ ಉದ್ದವಾಗಲು ನಿಯಮಗಳಷ್ಟೇ ಕಾರಣವಲ್ಲ, ಅರ್ಜಿದಾರರ ಆಸೆಯೂ ಕಾರಣ. ಹೆಚ್ಚಿನವರಿಗೆ ಬೇಕಾದದ್ದು ಆರೋಗ್ಯವಂತ, ಎರಡು ವರ್ಷದೊಳಗಿನ ಕೂಸು. ಸರದಿ ಬಂದಾಗ ಮಗುವಿನ ಫೋಟೊ, ವೈದ್ಯಕೀಯ ವರದಿ ಪರದೆಯ ಮೇಲೆ ಬರುತ್ತವೆ; ಕಾಯ್ದಿರಿಸಲು 48 ಗಂಟೆ. ಹೃದಯದಲ್ಲಿ ಸಣ್ಣ ರಂಧ್ರ ಎಂಬ ಒಂದು ಸಾಲು ಕಂಡರೆ ಪರಿಚಯದ ಡಾಕ್ಟರಿಗೆ ಫೋನ್ ಹೋಗುತ್ತದೆ. ಕೆಲವರು ಮುಂದಿನ ಮಗುವಿಗೆ ಕಾಯುತ್ತಾರೆ. ಹೆತ್ತ ಮಗುವಿನ ವರದಿಯಲ್ಲಿ ಅದೇ ಸಾಲು ಇದ್ದಿದ್ದರೆ ಅವರು ಆಸ್ಪತ್ರೆಗೆ ಓಡುತ್ತಿದ್ದರು. ಸ್ವಂತ ಮಗುವಿನಂತೆ ಸಾಕುತ್ತೇವೆ ಎಂಬ ಮಾತು ಪರೀಕ್ಷೆಗೆ ಬೀಳುವುದು ಸಮಾಜ ಕಾರ್ಯಕರ್ತೆಯ ಎದುರಲ್ಲ, ಈ 48 ಗಂಟೆಗಳಲ್ಲಿ.

2024-25ರಲ್ಲಿ ದೇಶದಲ್ಲಿ 4,500ಕ್ಕೂ ಹೆಚ್ಚು ದತ್ತುಗಳಾದವು. ವಿದೇಶಕ್ಕೆ ಹೋಗುವ ಮಕ್ಕಳಲ್ಲಿ ವಿಶೇಷ ಅಗತ್ಯದವರ ಪಾಲು ದೊಡ್ಡದು, ಏಕೆಂದರೆ ಇಲ್ಲಿಯವರು ಅವರನ್ನು ಒಪ್ಪಿರುವುದಿಲ್ಲ. ಸರದಿಯಲ್ಲಿ ಯಾರೂ ಕಾಯ್ದಿರಿಸದ ಮಕ್ಕಳ ಪಟ್ಟಿಯೊಂದು ಅದೇ ಜಾಲತಾಣದಲ್ಲಿದೆ. ಶಾಲೆಗೆ ಹೋಗುವ ವಯಸ್ಸಿನವರು, ಬಿಟ್ಟಿರಲಾರದ ಅಣ್ಣ-ತಂಗಿಯರು ಅಲ್ಲಿರುತ್ತಾರೆ. ಮನೆ ಅಧ್ಯಯನ ಮುಗಿಸಿಕೊಂಡವರು ತಮ್ಮ ಸರದಿ ಬರುವ ಮೊದಲೇ ಅವರನ್ನು ಕಾಯ್ದಿರಿಸಬಹುದು.